ಹಾದಿ ಬೀಳದ ಗುಡ್ಡ

ನನ್ನ ಎಡಗಾಲಿನ ಹಿಮ್ಮಡಿಯಲ್ಲಿ ಒಂದು ಮುಳ್ಳಿನ ತುದಿ ಮುರಿದು ಕೂತಿದೆ. ಕಾರೆಮುಳ್ಳು. ಹೋದ ಸೋಮವಾರ ಹೊಕ್ಕದ್ದು ಇನ್ನೂ ಹೊರಗೆ ಬಂದಿಲ್ಲ. ನನ್ನ ಹೆಂಡತಿ ಕನ್ನಡಕ ಏರಿಸಿಕೊಂಡು, ನನ್ನ ಕಾಲನ್ನು ಕಿಟಕಿಯ ಬೆಳಕಿಗೆ ತಿರುಗಿಸಿಕೊಂಡು, ಚಿಮಟ ಹಿಡಿದು ದಿನಕ್ಕೊಮ್ಮೆ ಕೂರುತ್ತಾಳೆ. ಅವಳು ಮುಟ್ಟುವ ಮೊದಲೇ ನಾನು ಅಯ್ಯೋ ಎನ್ನುತ್ತೇನೆ. ಅವಳು ಕಾಲನ್ನು ಅಲ್ಲೇ ಬಿಟ್ಟು ಎದ್ದು ಹೋಗುತ್ತಾಳೆ. "ರಿಟೈರಾದ ಮನಿಷ್ಯಾಗ ಗುಡ್ಡ ಯಾಕ ಬೇಕಿತ್ತು ಅಂತೀನಿ" ಎಂಬುದು ಹೋಗುವಾಗಿನ ಮಾತು.

ಚಿಮಟ ಅಂದರೆ ನಿಮ್ಮಲ್ಲಿ ಕೆಲವರಿಗೆ ಒಲೆಯ ಮೇಲಿನ ಪಾತ್ರೆ ಇಳಿಸುವ ಇಕ್ಕಳ ನೆನಪಾಗಬಹುದು. ಇದು ಅದಲ್ಲ. ಬೆರಳುದ್ದದ ಕಬ್ಬಿಣದ ಚಿಮಟ, ಜೊತೆಗೊಂದು ಸೂಜಿ, ಎರಡೂ ಒಂದೇ ಉಂಗುರಕ್ಕೆ ಸೇರಿಕೊಂಡಿರುತ್ತವೆ. ನಾನು ಹುಡುಗನಾಗಿದ್ದಾಗ ಕರ್ನೂಲು ಜಿಲ್ಲೆಯ ನಮ್ಮ ಆಸ್ಪರಿ ಕಡೆಯ ಊರುಗಳಲ್ಲಿ ಗಂಡಸರ ಉಡಿದಾರದಲ್ಲಿ ಇದು ನೇತಾಡದೆ ಇರುತ್ತಿರಲಿಲ್ಲ. ಸಂಜೆ ಹೊಲದಿಂದ ಬಂದವರು ಕಟ್ಟೆಯ ಮೇಲೆ ಕೂತು ಒಬ್ಬರ ಕಾಲು ಒಬ್ಬರ ತೊಡೆಯ ಮೇಲಿಟ್ಟುಕೊಂಡು ಮುಳ್ಳು ತೆಗೆಯುತ್ತಿದ್ದರು. ಊರಿನ ಅರ್ಧ ಸುದ್ದಿ ಓಡಾಡುತ್ತಿದ್ದುದೇ ಆ ಹೊತ್ತಿನಲ್ಲಿ. ಬಾರದ ಮುಳ್ಳಿಗೆ ನಮ್ಮವ್ವ ಎಕ್ಕೆಯ ಹಾಲು ಬಿಡುತ್ತಿದ್ದಳು. ಅದಕ್ಕೂ ಬಗ್ಗದಿದ್ದರೆ ಬೆಲ್ಲ ಕಾಯಿಸಿ ಬಿಸಿಬಿಸಿಯಾಗಿ ಇಡುತ್ತಿದ್ದಳು. ಕಾಲು ಚುರ್ ಎನ್ನುವಾಗ ಬಾಯಿಗೂ ಒಂದು ಚೂರು ಬೆಲ್ಲ ಸಿಗುತ್ತಿತ್ತು. ಆ ಬೆಲ್ಲಕ್ಕಾಗಿ ನಾನು ಮುಳ್ಳಿಲ್ಲದ ಕಾಲನ್ನೂ ಚಾಚಿದ್ದುಂಟು.

ಆಮೇಲೆ ಸರ್ಕಾರಿ ನೌಕರಿ ಸಿಕ್ಕಿತು. ಆಲೂರಿನ ಮಂಡಲ ಕಚೇರಿಯಲ್ಲಿ ಒಂದೇ ಕುರ್ಚಿಯಲ್ಲಿ ಸರ್ವಿಸ್ ಮುಗಿಸಿದೆ. ಅಷ್ಟು ವರ್ಷಗಳಲ್ಲಿ ನನಗಾದ ದೊಡ್ಡ ಗಾಯವೆಂದರೆ ಸ್ಟೇಪ್ಲರ್ ಪಿನ್ನು ಹೆಬ್ಬೆರಳಿಗೆ ಚುಚ್ಚಿದ್ದು. ಆ ದಿನ ನಾನು ಅರ್ಧ ದಿನ ರಜೆ ಹಾಕಿದ್ದೆ. ಈಗ ಆದೋನಿಯಲ್ಲಿ ಮನೆ, ಸಂಜೆ ಬಜಾರಿನ ಕಡೆ ಒಂದು ಸುತ್ತು, ಮೊಣಕಾಲಿಗೆ ಹಚ್ಚಲು ಮುಲಾಮು. ಇಂಥವನು ಹಾದಿಯೇ ಇಲ್ಲದ ಗುಡ್ಡವನ್ನು, ಅದೂ ಮುಂದಾಳಾಗಿ ಹತ್ತಿ ಬಂದಿದ್ದೇನೆಂದರೆ ನೀವು ನಂಬಲಿಕ್ಕಿಲ್ಲ. ನನಗೇ ಇನ್ನೂ ಪೂರ್ತಿ ನಂಬಿಕೆ ಬಂದಿಲ್ಲ.

ನಮ್ಮ ಸೀಮೆಯ ಗುಡ್ಡಗಳು ನಿಮಗೆ ಗೊತ್ತಿರಬಹುದು. ಬಂಡೆಯ ಮೇಲೆ ಬಂಡೆ, ನಡುವೆ ಒಂದಿಷ್ಟು ಒಣಹುಲ್ಲು. ಮೇಕೆ ತಿಂದದ್ದು ತಿಂದು, ಕಟ್ಟಿಗೆಗೆ ಹೋದದ್ದು ಹೋಗಿ, ಉಳಿದದ್ದನ್ನು ಕಲ್ಲಿನ ಕ್ರಷರು ನೋಡಿಕೊಂಡಿದೆ. ಅವುಗಳ ನಡುವೆ ನಮ್ಮೂರ ಪಕ್ಕದ ಕಂಬಳಯ್ಯನ ಗುಡ್ಡವೊಂದೇ ಬುಡದಿಂದ ತುದಿಯವರೆಗೆ ಹಸಿರು. ಕಾರೆ, ಬಾರೆ, ಸೀತಾಫಲ, ಬಂದರಿಕೆ, ಕಳ್ಳಿ, ಅವುಗಳ ಮೇಲೆ ಹಬ್ಬಿದ ಬಳ್ಳಿ. ಹೊರಗಿನಿಂದ ಬಂದವರು ಅರಣ್ಯ ಇಲಾಖೆಯನ್ನು ಹೊಗಳುತ್ತಾರೆ. ಇಲಾಖೆಯ ಕೆಲಸ ಅಲ್ಲಿ ಒಂದು ಬೋರ್ಡು ಮಾತ್ರ, ಅದನ್ನೂ ಬಳ್ಳಿ ಮುಚ್ಚಿಬಿಟ್ಟಿದೆ.

ಹಿಂದೊಮ್ಮೆ ಕಂಬಳಿ ಹೊದ್ದ ಒಬ್ಬ ಕುರಿ ಕಾಯುವವನು ಬೋಳುಗುಡ್ಡ ಹತ್ತಿದನಂತೆ. ಬಂಡೆಗಳಿಗೆ ಸಿಕ್ಕಿ ಕಂಬಳಿ ಎಳೆಎಳೆಯಾಗಿ ಹರಿಯಿತಂತೆ. ಬಿದ್ದ ಎಳೆಯೆಲ್ಲ ಗಿಡವಾಯಿತು, ಅವನು ತುದಿಯಲ್ಲಿ ಕಲ್ಲಾದ. ಅದಕ್ಕೇ ಆ ಗುಡ್ಡದಲ್ಲಿ ಒಂದು ಟೊಂಗೆ ಮುರಿದರೂ ಅವನ ಕಂಬಳಿ ಹರಿದಂತೆ. ಕುಡಗೋಲು ಒಯ್ಯುವಂತಿಲ್ಲ, ಮೇಕೆ ಬಿಡುವಂತಿಲ್ಲ. ಎಲ್ಲಕ್ಕಿಂತ ಮುಖ್ಯ, ಹಾದಿ ಬೀಳಬಾರದು. ಹೋದ ವರ್ಷ ಹತ್ತಿದ ಕಡೆಯಿಂದ ಈ ವರ್ಷ ಹತ್ತುವಂತಿಲ್ಲ. ಕಾರ್ತಿಕದಲ್ಲಿ ಒಂದೊಂದು ಮನೆತನದವರು ಒಂದೊಂದು ಸೋಮವಾರ ತಮ್ಮ ಬಾವಿಯ ನೀರು ತೆಗೆದುಕೊಂಡು, ಕೊಂಬೆಗಳನ್ನು ಕೈಯಿಂದ ಸರಿಸಿ, ಸರಿಸಿದ್ದನ್ನು ಹಿಂದೆ ಬರುವವರ ಮುಖಕ್ಕೆ ಬಡಿಯದಂತೆ ಮೆಲ್ಲಗೆ ಬಿಟ್ಟು, ದಾರಿ ಹುಡುಕಿಕೊಂಡು ಹೋಗಿ ಆ ಕಲ್ಲಿಗೆ ನೀರು ಹೊಯ್ದು ಬರುತ್ತಾರೆ.

ಮನೆತನಕ್ಕೊಬ್ಬ ಮುಂದಿನವನು. ಅವನು ನಡೆದ ಕಡೆ ಉಳಿದವರು ನಡೆಯಬೇಕು. ಅಲ್ಲಿ ಎರಡು ಮಾರು ದೂರ ಹೋದರೆ ಸಾಕು, ಮನುಷ್ಯ ಕಣ್ಣಿಗೆ ಕಾಣುವುದಿಲ್ಲ. ಆದ್ದರಿಂದ ಮುಂದಿನವನು "ಹೋಯ್" ಎಂದು ಕೂಗುತ್ತಾನೆ, ಹಿಂದಿನವರು "ಓ" ಎನ್ನುತ್ತಾರೆ. ಮುಂದಿನವನು ನಡುವೆ ಹಿಂದಕ್ಕೆ ಇಳಿದು ಬರುವಂತಿಲ್ಲ. ಇಳಿದರೆ ಎಲ್ಲರೂ ಮತ್ತೆ ಬುಡಕ್ಕೆ ಹೋಗಿ ಬೇರೆ ಕಡೆಯಿಂದ ಶುರುಮಾಡಬೇಕು. ಇನ್ನೊಂದು ಮಾತು. ಒಮ್ಮೆ ಮುಂದಿನವನಾದವನು ಸಾಯುವವರೆಗೂ ಮುಂದಿನವನೇ. ಜೀವ ಇರುವಾಗ ಹಿಂದೆ ಸರಿದು ನಡೆದವನು ನಮ್ಮೂರಲ್ಲಿ ಇಲ್ಲ.

ನಮ್ಮ ಮನೆಯ ಮುಂದಿನವನು ನಮ್ಮಣ್ಣ.

ಅಣ್ಣ ನನಗಿಂತ ಬಹಳ ದೊಡ್ಡವನು. ಹೊಲದ ಜೊತೆಗೆ ಆದೋನಿಯ ಹತ್ತಿ ಮಾರ್ಕೆಟ್ಟಿನಲ್ಲಿ ಹರಾಜಿನ ಸವಾಲು ಕೂಗುತ್ತಿದ್ದ. ಹತ್ತಿಯ ರಾಶಿಗಳ ನಡುವೆ ನಿಂತು, ತೆಲುಗು ಕನ್ನಡ ಎರಡನ್ನೂ ಒಂದೇ ಉಸಿರಿನಲ್ಲಿ ಬೆರೆಸಿ ಅವನು ಕೂಗುತ್ತಿದ್ದರೆ ಎತ್ತುಗಳು ಕಿವಿ ನಿಮಿರಿಸುತ್ತಿದ್ದವು. ಊರಲ್ಲಿ ಅವನಿಗೆ ಫೋನು ಬೇಕಾಗಿರಲಿಲ್ಲ. ಹೊಲದಿಂದ ಕೂಗಿದರೆ ಮನೆಯಲ್ಲಿ ಅತ್ತಿಗೆ ಎಸರಿಡುತ್ತಿದ್ದಳು.

ಆ ಧ್ವನಿ ಹೋದ ವರ್ಷದ ಕಾರ್ತಿಕ ಕಳೆದ ಮೇಲೆ ಹೋಯಿತು. ಗಂಟಲಲ್ಲಿ ಗಡ್ಡೆಯಾಗಿ, ಕರ್ನೂಲಿನಲ್ಲಿ ಆಪರೇಷನ್ ಮಾಡಿ, ಧ್ವನಿಪೆಟ್ಟಿಗೆಯನ್ನೇ ತೆಗೆದುಬಿಟ್ಟರು. ಈಗ ಅವನು ಉಸಿರಾಡುವುದು ಕತ್ತಿನ ಬುಡದಲ್ಲಿರುವ ಒಂದು ತೂತಿನಿಂದ. ಅದರ ಮೇಲೆ ಧೂಳು ಕೂರಬಾರದು, ನೀರು ಹೋಗಬಾರದು. ಅತ್ತಿಗೆ ತನ್ನ ಹಳೆಯ ಹತ್ತಿ ಸೀರೆಯನ್ನು ಮಡಿಸಿ ಹೊಲಿದ ಬಟ್ಟೆಗಳನ್ನು ಕಟ್ಟುತ್ತಾಳೆ. ಆ ತೂತನ್ನು ಅವನು ಅತ್ತಿಗೆಯ ಹೊರತು ಯಾರಿಗೂ ತೋರಿಸಿರಲಿಲ್ಲ, ನನಗೂ ಸಹ. ಅವನ ಮಾತೆಲ್ಲ ಈಗ ತುಟಿಯಲ್ಲಿ. ಅದನ್ನು ಓದಲು ಬರುವುದು ಅವಳೊಬ್ಬಳಿಗೆ. ಮಾರ್ಕೆಟ್ಟಿನ ಗೆಳೆಯರು ನೋಡಲು ಬಂದರೆ ಗೋಡೆಯ ಕಡೆ ಮುಖ ಮಾಡಿ ಮಲಗುತ್ತಿದ್ದ. ದಸರೆಯ ಹೊತ್ತಿಗೆ ಅವನ ಕಿವಿಯ ಕೆಳಗೆ ಹೊಸದೊಂದು ಗಂಟು ಕೈಗೆ ಸಿಕ್ಕಿತು. ಡಾಕ್ಟರು ಮುಟ್ಟಿ ನೋಡಿ, ಏನೂ ಹೇಳದೆ, ಪರೀಕ್ಷೆಗೆ ದಿನ ಕೊಟ್ಟರು. ಆ ದಿನ ಇನ್ನೂ ಬಂದಿಲ್ಲ, ಬರುವ ವಾರ ಇದೆ.

ದೀಪಾವಳಿಗೆ ನಾನು ಊರಿಗೆ ಹೋದಾಗ ಅಣ್ಣ ಎದ್ದು ಕೂತಿದ್ದ. ನನ್ನನ್ನು ಕಂಡವನೇ ಬಾಗಿಲಾಚೆಯ ಗುಡ್ಡ ತೋರಿಸಿದ. ಆಮೇಲೆ ಬೆರಳನ್ನು ನನ್ನ ಎದೆಗೆ ಒತ್ತಿ, ಎರಡು ಬೆರಳುಗಳನ್ನು ಗಾಳಿಯಲ್ಲಿ ನಡೆಸಿ, ಅವುಗಳ ಹಿಂದೆ ಇನ್ನೊಂದು ಕೈಯ ಬೆರಳು ನಡೆಸಿ, ಅದು ತಾನು ಎಂದು ತೋರಿಸಿದ. ನನಗೆ ಅರ್ಥವಾಯಿತು. ಅರ್ಥವಾಗದವನಂತೆ ಅತ್ತಿಗೆಯ ಮುಖ ನೋಡಿದೆ.

"ಬ್ಯಾಡ್ರಿ" ಎಂದಳು ಅತ್ತಿಗೆ. "ಜೀವ ಇರೋ ಮನಿಷ್ಯಾ ಹಿಂದ ನಡೀತಾನಂದ್ರ ಊರಾಗ ಏನಂತಾರ? ಸತ್ತೋರ ಸಾಲಿಗೆ ಹಚ್ತಾರ. ಮಲ್ಲೇಶಪ್ಪಾ, ನೀನರ ಹೇಳು."

"ಅಣ್ಣಾ, ಈ ವರ್ಷ ಬಿಡೋಣು. ಆರಾಮಾಗಿ ಬರೋ ವರ್ಷ ನೀನ ಮುಂದ ನಡಿ, ನಾ ಹಿಂದ ಬರ್ತೀನಿ" ಎಂದೆ.

ಬರುವ ವರ್ಷ ಎಂದದ್ದಕ್ಕೆ ಅಣ್ಣ ಕಿವಿಯ ಕೆಳಗಿನ ಗಂಟನ್ನು ಮುಟ್ಟಿಕೊಂಡ. ಆಮೇಲೆ ಅತ್ತಿಗೆಯ ಕಡೆ ತಿರುಗಿ ನಿಧಾನವಾಗಿ ತುಟಿ ಆಡಿಸಿದ. ಆಕೆ ಹೇಳಲಿಲ್ಲ. ಅವನು ಮತ್ತೊಮ್ಮೆ ಆಡಿಸಿದ. ಆಕೆ ಸೆರಗನ್ನು ಬಾಯಿಗೆ ಹಿಡಿದುಕೊಂಡು ಹೇಳಿದಳು. "ಅಪ್ಪ ಸತ್ತ ವರ್ಷ ನಾ ಮುಂದ ನಡದಾಗ, ಗುಡ್ಡ ಗೊತ್ತಿದ್ದೋರು ನನ್ನ ಹಿಂದ ಯಾರೂ ಇದ್ದಿಲ್ಲ ಅಂತಾರ. ನಿನಗ ಹಂಗ ಆಗಬಾರದಂತ."

ಆ ವರ್ಷ ನನಗೆ ಮಸುಕಾಗಿ ನೆನಪಿದೆ. ಅಪ್ಪ ಬೇಸಿಗೆಯಲ್ಲಿ ಇದ್ದಕ್ಕಿದ್ದಂತೆ ತೀರಿಕೊಂಡಿದ್ದ. ಕಾರ್ತಿಕದಲ್ಲಿ ಮೀಸೆ ಮೂಡುತ್ತಿದ್ದ ಅಣ್ಣ ಮುಂದೆ, ನಡುವೆ ಅವ್ವ, ಅವಳ ಸೆರಗು ಹಿಡಿದುಕೊಂಡು ನಾನು. ಅಪ್ಪ ಇದ್ದಾಗ ಬಿಸಿಲೇರುವ ಮೊದಲೇ ತುದಿಯಲ್ಲಿರುತ್ತಿದ್ದೆವು. ಆ ದಿನ ಮಧ್ಯಾಹ್ನವಾದರೂ ಅದೇ ಬಂಡೆ ಸುತ್ತುತ್ತಿದ್ದೆವು. ಅಣ್ಣನ ಅಂಗಿ ಬೆನ್ನಿಗೆ ಅಂಟಿ, ಮುಳ್ಳು ಗೀರಿದ ಕಡೆ ರಕ್ತ ಇಳಿಯುತ್ತಿತ್ತು. ಅವನು ಒಮ್ಮೆಯೂ ನಮ್ಮ ಕಡೆ ತಿರುಗಲಿಲ್ಲ. ಅಳುತ್ತಿದ್ದನೆಂದು ಅವ್ವ ಎಷ್ಟೋ ವರ್ಷಗಳಾದ ಮೇಲೆ ಹೇಳಿದಳು. ನನಗೆ ಕಂಡದ್ದು ಬೆನ್ನು ಮಾತ್ರ. ಅಲ್ಲಿಂದ ಮುಂದೆ ಕಾರ್ತಿಕ ಕಾರ್ತಿಕಕ್ಕೂ ನಾನು ನೋಡುತ್ತಾ ಬಂದದ್ದು ಆ ಬೆನ್ನನ್ನೇ. ಬೆನ್ನು ನೋಡಿಕೊಂಡು ಹೋಗುವವನಿಗೆ ದಾರಿ ಕಲಿಯುವ ಗರಜು ಏನಿರುತ್ತದೆ? ಅವನ ಅಂಗಿಗಳ ಬಣ್ಣ ಬೇಕಾದರೆ ವರ್ಷವಾರು ಹೇಳಿಯೇನು, ಗುಡ್ಡದ ಬಗ್ಗೆ ನನ್ನನ್ನು ಕೇಳಬೇಡಿ.

ಹೀಗೆ ಹೋದ ಸೋಮವಾರ ಹೊತ್ತು ಮೂಡುವ ವೇಳೆಗೆ ನಾವಿಬ್ಬರೂ ಗುಡ್ಡದ ಬುಡದಲ್ಲಿ ನಿಂತಿದ್ದೆವು. ಬಾವಿಯ ನೀರು ನನ್ನ ಹೆಗಲ ಚೀಲದಲ್ಲಿ. ಅತ್ತಿಗೆ ಬುಡದವರೆಗೂ ಬಂದಿದ್ದಳು. ಅಣ್ಣನ ಕತ್ತಿಗೆ ಎರಡು ಮಡಿಕೆ ಹೆಚ್ಚು ಬಟ್ಟೆ ಕಟ್ಟಿದ್ದಳು. ಅವನು "ಓ" ಎನ್ನಲಾರನಲ್ಲ, ಅದಕ್ಕೆ ಅಂಗೈಯಗಲದ ಎರಡು ಕಲ್ಲು ಆರಿಸಿ ಅವನ ಕೈಗೆ ಕೊಟ್ಟಳು. ನಾನು ಕೂಗಬೇಕು, ಅವನು ಕಲ್ಲಿಗೆ ಕಲ್ಲು ಬಡಿಯಬೇಕು. "ನಾ ಇಲ್ಲೇ ಕುಂತಿರ್ತೀನಿ" ಎಂದು ಬೇವಿನ ಮರದ ಕೆಳಗೆ ಕೂತಳು.

ಪಕ್ಕದ ಹೊಲದ ರಾಮಾಂಜನೇಯುಲು ಹತ್ತಿ ಬಿಡಿಸಲು ಬಂದವನು ನನ್ನನ್ನು ಕಂಡು ಬದುವಿನ ಮೇಲೆ ನಿಂತ. ಅಣ್ಣನ ಓರಗೆಯವನು, ಮನೆಮಾತು ತೆಲುಗು. "ಏಂ ಮಲ್ಲೇಶಪ್ಪಾ, ಈಸಾರಿ ನುವ್ವು ಮುಂದರಾ?" ಎಂದು, ಈ ಸಲ ಮುಂದಿನವನು ನೀನೋ ಎಂಬ ಅರ್ಥದಲ್ಲಿ, ನಗುತ್ತಾ ಕೇಳಿದ. ಕೇಳಿದ ಮೇಲೆ ಹಿಂದೆ ನಿಂತ ಅಣ್ಣ ಕಣ್ಣಿಗೆ ಬಿದ್ದ. ಅವನ ನಗು ಹೋಯಿತು. ಕೈ ತಾನಾಗಿ ಮೇಲೆ ಹೋಗಿ ತಲೆಗೆ ಸುತ್ತಿದ ಟವಲು ಬಿಚ್ಚಿತು. ನಮ್ಮ ಕಡೆ ಹೆಣ ಹೋಗುವಾಗ ದಾರಿಯಲ್ಲಿ ನಿಂತವರು ಹಾಗೆ ಬಿಚ್ಚುತ್ತಾರೆ. ಬೇವಿನ ಕೆಳಗಿದ್ದ ಅತ್ತಿಗೆ ಅದನ್ನು ಕಂಡು ತಲೆ ತಗ್ಗಿಸಿದಳು. ನನಗೆ ಅಲ್ಲಿಂದಲೇ ವಾಪಸು ಹೋಗಿಬಿಡಬೇಕೆನಿಸಿತು. ಅಣ್ಣ ಮಾತ್ರ ಸೀದಾ ಬದುವಿಗೆ ಹೋಗಿ, ರಾಮಾಂಜನೇಯುಲುವಿನ ಕೈಯಿಂದ ಟವಲು ಕಿತ್ತುಕೊಂಡು, ಅವನ ತಲೆಗೆ ತಾನೇ ಬಿಗಿಯಾಗಿ ಸುತ್ತಿ, ಕೆನ್ನೆಗೊಂದು ಸಣ್ಣ ಪೆಟ್ಟು ಕೊಟ್ಟು ಬಂದ. ಇಷ್ಟು ತಿಂಗಳಲ್ಲಿ ಅವನು ಊರಿನವನೊಬ್ಬನ ಹತ್ತಿರ ಹೋದದ್ದು ಅದೇ ಮೊದಲು.

ನಾನು ಕಳ್ಳಿಯ ಪೊದೆಯ ಎಡಗಡೆಯಿಂದ ಹತ್ತಿದೆ. ಯಾಕೆ ಎಡಗಡೆ ಎಂದರೆ ಬಲಗಡೆ ಭಯ ಹೆಚ್ಚಾಯಿತು, ಅಷ್ಟೇ. ಮುಂದಿನವನಿಗೆ ಮೊದಲು ಸಿಗುವುದು ಜೇಡರಬಲೆ ಎಂಬುದು ಆ ದಿನ ತಿಳಿಯಿತು. ಹಿಂದೆ ನಡೆದವನ ಮುಖಕ್ಕೆ ಬಲೆ ತಾಗುವುದೇ ಇಲ್ಲ. ಮುಖ ಒರೆಸಿಕೊಳ್ಳುತ್ತಾ, ಬಂದರಿಕೆಯ ಕೊಂಬೆ ಸರಿಸುತ್ತಾ, ಕಾರೆಯ ಕೊಂಬೆಗೆ ಅಂಗಿ ಬಿಡಿಸಿಕೊಳ್ಳುತ್ತಾ ಹೋದೆ. ಹುಲ್ಲಿನ ಚುಚ್ಚುಬೀಜಗಳು ಪ್ಯಾಂಟಿನ ತುಂಬಾ ಹತ್ತಿದವು. ಸೀತಾಫಲದ ಗಿಡಗಳ ಕೆಳಗೆ ಒಂದು ಕಡೆ ಕಪ್ಪು ಬೀಜ ತುಂಬಿದ ಸಗಣಿಯಂಥದ್ದು ಬಿದ್ದಿತ್ತು. ಕರಡಿಯದು. ಹಳೆಯದೋ ಹೊಸದೋ ಎಂದು ಬಗ್ಗಿ ನೋಡುವ ಧೈರ್ಯ ನನಗಿರಲಿಲ್ಲ, ಅಲ್ಲಿಂದ ಸ್ವಲ್ಪ ಬೇಗ ನಡೆದೆ.

"ಹೋಯ್" ಎಂದೆ. ನನ್ನ ಕೂಗು ಕಚೇರಿಯಲ್ಲಿ ಅಟೆಂಡರನ್ನು ಕರೆದ ಹಾಗಿತ್ತು. ಹಿಂದಿನಿಂದ ಕಟ್ ಕಟ್ ಎಂದು ಕಲ್ಲಿನ ಸದ್ದು ಬಂತು. ನನ್ನ ಜೀವ ಜಾಗಕ್ಕೆ ಬಂತು.

ಒಂದು ಗುಟ್ಟು ಹೇಳಿಬಿಡುತ್ತೇನೆ. ನನ್ನ ಜೇಬಿನಲ್ಲಿ ಫೋನಿತ್ತು. ಕುಡಗೋಲು ಒಯ್ಯಬಾರದೆಂದಿದೆ, ಫೋನಿನ ಬಗ್ಗೆ ಕಂಬಳಯ್ಯ ಏನೂ ಹೇಳಿಲ್ಲ ಎಂದು ಕಾನೂನು ತೆಗೆದಿದ್ದೆ. ಒಂದು ಬಂಡೆಯ ಮರೆಯಲ್ಲಿ ಮ್ಯಾಪು ತೆರೆದು ನೋಡಿದೆ. ಒಂದು ಹಸಿರು ಮುದ್ದೆ, ಅದರ ನಡುವೆ ಒಂದು ನೀಲಿ ಚುಕ್ಕೆ. ಆ ಚುಕ್ಕೆ ನಾನು. ನಾನು ಗುಡ್ಡದಲ್ಲಿದ್ದೇನೆ ಎಂಬುದು ನನಗೆ ಮೊದಲೇ ಗೊತ್ತಿತ್ತು. ಫೋನು ಒಳಗಿಡುವಾಗ ತಿರುಗಿ ನೋಡಿದರೆ ಅಣ್ಣ ಹಿಂದೆ ಬಂದು ನಿಂತಿದ್ದ. ಹುಬ್ಬು ಏರಿಸಿದ. ನಾನು ಟೈಮು ನೋಡಿದೆ ಎಂದೆ.

ಬಂಡೆಯ ಎರಡೂ ಕಡೆ ಸಂದಿಗಳಿದ್ದವು. ಯಾವ ಕಡೆ ಎಂದು ಅಣ್ಣನ ಮುಖ ನೋಡಿದೆ. ಅವನು ತಕ್ಷಣ ಕತ್ತೆತ್ತಿ ಆಕಾಶದಲ್ಲಿ ಏನೋ ಹುಡುಕತೊಡಗಿದ. ಅಲ್ಲೇನೂ ಇರಲಿಲ್ಲ, ಒಂದು ಹದ್ದು ಕೂಡ ಇರಲಿಲ್ಲ. "ಕಣ್ಣಲ್ಲರ ತೋರಿಸಣ್ಣಾ" ಎಂದೆ. ಅವನು ಇನ್ನಷ್ಟು ಮೇಲೆ ನೋಡಿದ. ನಾನು ಬಲಕ್ಕೆ ಹೊರಟೆ. ಒಳಗೆ ಹೋದ ಮೇಲೆ ಸಂದಿ ಮುಚ್ಚಿಕೊಂಡು ಬಂತು. ಬಂದ ದಾರಿಯಲ್ಲೇ ಇಳಿಯುವಂತಿಲ್ಲ, ಅದಕ್ಕೆ ಹೊಟ್ಟೆಯ ಮೇಲೆ ತೆವಳಿ ಬಂಡೆಯ ಮೇಲಕ್ಕೆ ಹತ್ತಿದೆ. ಅಣ್ಣನೂ ತೆವಳಿದ. ಕತ್ತಿನ ಬಟ್ಟೆಯನ್ನು ಒಂದು ಕೈಯಲ್ಲಿ ಒತ್ತಿ ಹಿಡಿದು, ಕಲ್ಲುಗಳನ್ನು ಅಂಗಿಯೊಳಗೆ ಹಾಕಿಕೊಂಡು ತೆವಳಿದ. ನನ್ನ ದಡ್ಡತನಕ್ಕೆ ಅವನು ಕಷ್ಟ ಪಡುತ್ತಿದ್ದಾನಲ್ಲ ಎಂದು ನನಗೆ ನಾಚಿಕೆಯಾಯಿತು. ಅವನ ಮುಖದಲ್ಲಿ ಸಿಟ್ಟು ಹುಡುಕಿದೆ, ಕಾಣಲಿಲ್ಲ.

ಅಲ್ಲಿಂದ ಮುಂದೆ ಪೊದೆ ಇನ್ನೂ ದಟ್ಟ. ಕೂಗುತ್ತಾ ಹೋದೆ, ಕಲ್ಲಿನ ಸದ್ದು ಬರುತ್ತಾ ಹೋಯಿತು. ಹೆದರಿಕೆ ಸ್ವಲ್ಪ ಸ್ವಲ್ಪವಾಗಿ ಇಳಿದು, ಎಲ್ಲಿ ಗಾಳಿ ನುಗ್ಗುತ್ತದೋ ಅಲ್ಲಿ ಸಂದಿಯಿದೆ ಎಂಬ ಒಂದು ಅಂದಾಜು ನನಗೇ ಹೊಳೆಯಿತು. ನಾನೇ ಕಂಡುಕೊಂಡೆನಲ್ಲ ಎಂದು ಹಿಗ್ಗಿ, ಅದನ್ನು ಅಣ್ಣನಿಗೆ ಹೇಳಬೇಕೆಂದು ಜೋರಾಗಿ "ಹೋಯ್" ಎಂದೆ.

ಸದ್ದಿಲ್ಲ.

ಮತ್ತೆ ಕೂಗಿದೆ. ಎಲ್ಲೋ ಒಂದು ಕೌಜುಗ ರೆಕ್ಕೆ ಬಡಿದು ಎದ್ದಿತು. ಕಲ್ಲಿನ ಸದ್ದು ಬರಲಿಲ್ಲ. ಬೇರೆ ಯಾರೇ ಆಗಿದ್ದರೂ ಕಾಲು ಉಳುಕಿದರೆ, ಮುಳ್ಳಿಗೆ ಸಿಕ್ಕಿದರೆ ಕೂಗಿ ಹೇಳುತ್ತಿದ್ದರು. ಅಣ್ಣ ಬಿದ್ದಿದ್ದರೆ ಬಿದ್ದೆ ಎಂದು ಹೇಳಲು ಅವನ ಹತ್ತಿರ ಏನಿದೆ? ಉಸಿರು ಕಟ್ಟಿದ್ದರೆ? ನಿಂತು ನೋಡಿದೆ. ಇಳಿದರೆ ನಿಯಮ ತಪ್ಪುತ್ತದೆ, ಬುಡದಿಂದ ಮತ್ತೆ ಹತ್ತಬೇಕು, ಅದು ಅವನ ಕೈಯಲ್ಲಾಗುವ ಮಾತಲ್ಲ. ಇಷ್ಟು ಆಸೆಪಟ್ಟು ಬಂದವನ ಕೆಲಸ ನನ್ನಿಂದ ಕೆಡುತ್ತದೆ. ಇದೆಲ್ಲ ತಲೆಯಲ್ಲಿ ಓಡುವಾಗಲೇ ಕಾಲುಗಳು ಇಳಿಯತೊಡಗಿದ್ದವು. ಕಂಬಳಯ್ಯನಿಗಿಂತ ನನಗೆ ನನ್ನ ಅಣ್ಣ ದೊಡ್ಡವನು, ಅದನ್ನು ಹೇಳಲು ನನಗೇನೂ ಅಂಜಿಕೆಯಿಲ್ಲ. ಅಪ್ಪ ಸತ್ತ ಮೇಲೆ ನನಗೆ ಊಟ, ಫೀಸು, ಬೈಗಳು ಎಲ್ಲ ಅವನಿಂದಲೇ ಬಂದದ್ದು. ಆ ಮನುಷ್ಯ ಒಂಟಿಯಾಗಿ ಪೊದೆಯಲ್ಲಿ ಬಿದ್ದಿರಬಹುದು ಎಂದು ನೆನೆದು ನನಗೆ ಅಳು ಬಂತು. "ಅಣ್ಣಾ, ಅಣ್ಣಾ" ಎನ್ನುತ್ತಾ, ಮುಳ್ಳು ನೋಡದೆ ಇಳಿದೆ. ಚಪ್ಪಲಿಯೊಂದು ಎಲ್ಲೋ ಕಳಚಿತು. ಹಿಮ್ಮಡಿಗೆ ಚುಚ್ಚಿದ್ದು ಆಗಲೇ.

ಅವನನ್ನು ಬಿಟ್ಟ ಜಾಗ ಸಿಗಲಿಲ್ಲ. ಬಂದ ದಾರಿಯೂ ಸಿಗಲಿಲ್ಲ. ಎಡಕ್ಕೆ ಹೋದೆ, ಬಂಡೆ ಸುತ್ತಿದೆ, ಒಂದು ಕೊರಕಲಿಗೆ ಇಳಿದೆ, ಅದರ ಆಚೆ ದಡಕ್ಕೆ ಹತ್ತಿದೆ. ಸೀತಾಫಲದ ಗಿಡಗಳನ್ನು ಸರಿಸಿ ಮೇಲೆ ನೋಡಿದರೆ, ಎದುರಿಗೇ ಅಣ್ಣನ ಬೆನ್ನು.

ಅವನು ಒಂದು ಹಾಸುಗಲ್ಲಿನ ಮೇಲೆ ಕೂತು, ನಾನು ಹೋದ ಕಡೆಗೆ, ಅಂದರೆ ಗುಡ್ಡದ ತುದಿಯ ಕಡೆಗೆ ಮುಖ ಮಾಡಿದ್ದ. ಕತ್ತಿನ ಬಟ್ಟೆ ಬಿಚ್ಚಿ ತೊಡೆಯ ಮೇಲಿತ್ತು. ಅದರ ತುಂಬಾ ಚುಚ್ಚುಬೀಜ ಹತ್ತಿಕೊಂಡಿತ್ತು. ಎರಡೂ ಕೈಯಿಂದ ಅದನ್ನು ಒಂದೊಂದಾಗಿ ಆರಿಸುತ್ತಿದ್ದ. ಕಲ್ಲುಗಳು ಪಕ್ಕದಲ್ಲಿದ್ದವು. ಹಾಗೇ ಕಟ್ಟಿಕೊಂಡು ಬಂದಿದ್ದರೆ ಬೀಜ ಉಸಿರಿನ ಜೊತೆ ಒಳಗೆ ಹೋಗುತ್ತಿತ್ತು. ಅವನು ಬಿದ್ದಿರಲಿಲ್ಲ. ನಾನು ಕೂಗಿದ್ದು ಅವನಿಗೆ ಕೇಳಿಸಿತ್ತೋ ಇಲ್ಲವೋ ಗೊತ್ತಿಲ್ಲ.

"ಅಣ್ಣಾ" ಎಂದೆ ಬೆನ್ನ ಹಿಂದಿನಿಂದ.

ಅವನು ಬೆಚ್ಚಿ ತಿರುಗಿದ. ಆಗ ನಾನು ಅದನ್ನು ನೋಡಿದೆ. ಕತ್ತಿನ ಬುಡದಲ್ಲಿ ಒಂದು ಗುಂಡನೆಯ ತೂತು, ಅಂಚು ಕೆಂಪಗೆ, ಒದ್ದೆಯಾಗಿ, ಉಸಿರಿನ ಜೊತೆ ಸ್ವಲ್ಪ ಅಲುಗುತ್ತಿತ್ತು. ಅವನ ಕೈ ಅದನ್ನು ಮುಚ್ಚಲು ಹೋಗಿ ನಡುವೆಯೇ ನಿಂತಿತು. ನಾನು ಕಣ್ಣು ತೆಗೆಯಲಿಲ್ಲ. ಆಮೇಲೆ ಅವನು ಮೇಲಿನ ಗುಡ್ಡ ನೋಡಿದ, ಕೆಳಗಿನ ಕೊರಕಲು ನೋಡಿದ, ನನ್ನ ಒಂಟಿ ಚಪ್ಪಲಿ ನೋಡಿದ. ಮುಂದೆ ಹೋದವನು ಹಿಂದಿನಿಂದ, ಅದೂ ಕೆಳಗಿನಿಂದ ಹತ್ತಿಕೊಂಡು ಬಂದಿದ್ದಾನೆ. ಇಳಿದು ಬರುವಾಗಲೂ ದಾರಿ ತಪ್ಪಿದ ಮುಂದಿನವನು ಆ ಗುಡ್ಡದಲ್ಲಿ ನನಗಿಂತ ಮೊದಲು ಇದ್ದಿರಲಾರ. ಅಣ್ಣ ನಗತೊಡಗಿದ. ಬಾಯಲ್ಲಿ ಸದ್ದಿಲ್ಲ. ಹೆಗಲು ಕುಣಿಯುತ್ತಿತ್ತು, ಕತ್ತಿನಿಂದ ಗಾಳಿ ಸುಯ್ ಸುಯ್ ಎಂದು ಬರುತ್ತಿತ್ತು, ಕಣ್ಣಲ್ಲಿ ನೀರು. ಆಪರೇಷನ್ ಆದ ಮೇಲೆ ಅವನು ನಕ್ಕದ್ದನ್ನು ನಾನು ನೋಡಿರಲಿಲ್ಲ. ನನಗೂ ನಗು ಬಂತು, ಅಳುವೂ ಇನ್ನೂ ನಿಂತಿರಲಿಲ್ಲ. ಇಬ್ಬರೂ ಹಾಗೆ ಕೂತಿದ್ದೆವು.

"ಕೆಡಿಸಿಬಿಟ್ನಣ್ಣಾ. ಕೆಳಗ ಬಂದುಬಿಟ್ಟೆ. ಈಗ ಬುಡಕ್ಕ ಹೋಗಬೇಕು" ಎಂದೆ.

ಅಣ್ಣ ಇಲ್ಲವೆಂದು ತಲೆಯಾಡಿಸಿದ. ಕೊರಕಲಿನ ಕಡೆ ಬೆರಳು ಮಾಡಿ, ಬೆರಳನ್ನು ಅಲ್ಲಿಂದ ನನ್ನ ಕಾಲಿನವರೆಗೆ ಎಳೆದು, ಅಲ್ಲಿಂದ ಮೇಲಕ್ಕೆ ತೋರಿಸಿದ. ನೀನು ಕೆಳಗಿನಿಂದ ಹತ್ತಿಕೊಂಡೇ ಬಂದೆಯಲ್ಲ, ಬೇರೆ ಕಡೆಯಿಂದಲೇ ಬಂದೆಯಲ್ಲ, ಆಯಿತು ಬಿಡು. ಹತ್ತಿ ಮಾರ್ಕೆಟ್ಟಿನಲ್ಲಿ ಎಷ್ಟೋ ಜಗಳ ಹರಿಸಿದ ಮನುಷ್ಯ. ಕಂಬಳಯ್ಯನ ಹತ್ತಿರವೂ ರಾಜಿ ಮಾಡಿಸಿದ. ಕತ್ತಿನ ಬಟ್ಟೆಯ ಇನ್ನೊಂದು ಮಗ್ಗುಲನ್ನು ನಾನು ಆರಿಸಿ ಕೊಟ್ಟೆ. ಅವನು ಗದ್ದ ಎತ್ತಿ ಹಿಡಿದ, ನಾನೇ ಕಟ್ಟಿದೆ.

ಉಳಿದದ್ದು ಹೆಚ್ಚಿರಲಿಲ್ಲ. ಬಿಸಿಲು ನೆತ್ತಿಗೆ ಬರುವ ಹೊತ್ತಿಗೆ ಗಿಡಗಳು ತೆಳುವಾಗಿ, ಒಂದು ಅಗಲ ಬಂಡೆಯೂ ಅದರ ನಡುವೆ ಆ ಕುಳ್ಳ ಕಲ್ಲೂ ಕಂಡವು. ನನ್ನ ಮುಂದೆ ಯಾರ ಬೆನ್ನೂ ಇಲ್ಲದೆ ನಾನು ಆ ಕಲ್ಲನ್ನು ನೋಡಿದ್ದು ಅದೇ ಮೊದಲು. ನೀರಿನ ಬಾಟಲಿಯನ್ನು ಅಣ್ಣನ ಕೈಗೆ ಕೊಡಹೋದೆ. ಅವನು ನನ್ನ ಕೈಯನ್ನು ಹಿಡಿದು ಕಲ್ಲಿನ ಕಡೆಗೆ ತಿರುಗಿಸಿದ. ಹೊಯ್ದೆ. ಕಲ್ಲು ಕಪ್ಪಾಗಿ ಹೊಳೆಯಿತು, ನೋಡುತ್ತಿದ್ದಂತೆಯೇ ಒಣಗಿತು.

ಮೇಲೆ ಒಂದು ಪದ್ಧತಿಯಿದೆ. ಅದನ್ನು ಇಷ್ಟು ಹೊತ್ತು ನಿಮಗೆ ಹೇಳಲಿಲ್ಲ, ಯಾಕೆಂದರೆ ಆ ದಿನ ಬೆಳಗಿನಿಂದ ನನಗೂ ಅದರ ನೆನಪಾಗಿರಲಿಲ್ಲ. ನೀರು ಹೊಯ್ದ ಮೇಲೆ, ಹಿಂದೆ ಬಂದವರು ಮುಂದಿನವನ ಪಾದ ಮುಟ್ಟಬೇಕು. ಅಲ್ಲಿ ಹಿರಿಯರು ಕಿರಿಯರು ಎಂದಿಲ್ಲ. ಮುಂದಿನವನು ಒಬ್ಬೊಬ್ಬರಿಗೂ "ನೂರ್ಕಾಲ ಬಾಳು" ಎನ್ನಬೇಕು, ಅದನ್ನು ಹೇಳಿದ ಮೇಲೆಯೇ ಬಗ್ಗಿದವರು ಏಳಬೇಕು. ಅಪ್ಪ ಸತ್ತ ವರ್ಷ ನಮ್ಮವ್ವ ಬೋಳುಹಣೆಯಲ್ಲಿ ಹೆತ್ತ ಮಗನ ಕಾಲು ಮುಟ್ಟಿದ್ದಳು. ಅಣ್ಣ ಅಂಥ ಎಳೆಯ ಗಂಟಲಲ್ಲಿ ಅವಳಿಗೆ ನೂರ್ಕಾಲ ಬಾಳು ಎಂದಿದ್ದ. ಆಮೇಲೆ ನನಗೆ ವರ್ಷವರ್ಷವೂ ಹೇಳಿದ್ದಾನೆ.

ಅಣ್ಣ ಕೈಯಲ್ಲಿದ್ದ ಕಲ್ಲುಗಳನ್ನು ಕೆಳಗಿಟ್ಟ. ಟವಲಿನಿಂದ ಮುಖ ಒರೆಸಿಕೊಂಡ. ನನ್ನ ಎದುರಿಗೆ ಬಂದು, ಬಂಡೆಗೆ ಒಂದು ಕೈಯೂರಿ, ಮೊಣಕಾಲು ಮಡಿಸಿದ.

"ಬ್ಯಾಡಣ್ಣಾ" ಎಂದು ಹಿಂದೆ ಸರಿದೆ. ಅವನು ನನ್ನ ಕಾಲನ್ನು ಗಟ್ಟಿಯಾಗಿ ಹಿಡಿದ. ಕತ್ತೆತ್ತಿ ಒಮ್ಮೆ ನೋಡಿದ. ಚಿಕ್ಕಂದಿನಲ್ಲಿ ಸ್ಕೂಲಿಗೆ ಹೋಗಲ್ಲ ಎಂದಾಗ ನೋಡುತ್ತಿದ್ದ ನೋಟ ಅದು. ಆಮೇಲೆ ತಲೆ ಬಗ್ಗಿಸಿ ಎರಡೂ ಪಾದ ಮುಟ್ಟಿ, ಹಾಗೇ ಕಾದ.

ನಾನು ಬಾಯಿ ತೆರೆದೆ. ಎರಡೇ ಮಾತು. ಎಷ್ಟು ಸಲ ಕೇಳಿದ ಮಾತು. ಹೊರಡಲಿಲ್ಲ. ಅವನ ಕಿವಿಯ ಕೆಳಗಿನ ಗಂಟು ನನಗೆ ಮೇಲಿನಿಂದ ಕಾಣುತ್ತಿತ್ತು. ಬರುವ ವಾರದ ಪರೀಕ್ಷೆ ಕಾಣುತ್ತಿತ್ತು. ಡಾಕ್ಟರು ಏನೂ ಹೇಳದೆ ಕೈ ತೊಳೆದುಕೊಂಡದ್ದು ಕಾಣುತ್ತಿತ್ತು. ಇಂಥವನಿಗೆ ನೂರ್ಕಾಲ ಎಂದು ಯಾವ ಬಾಯಲ್ಲಿ ಹೇಳಲಿ? ಹೇಳದೆ ಹೇಗೆ ಇರಲಿ? ಕತ್ತಿನ ಬಟ್ಟೆ ಅವನ ಉಸಿರಿಗೆ ಏಳುತ್ತಾ ಬೀಳುತ್ತಾ ಇತ್ತು. ಅವನು ಕಾಯುತ್ತಿದ್ದ. ಅಷ್ಟು ಹೊತ್ತು ಆ ಬಂಡೆಯ ಮೇಲೆ ನಾವಿಬ್ಬರೂ ಧ್ವನಿಯಿಲ್ಲದವರೇ.

"ನೂರ್ಕಾಲ ಬಾಳಣ್ಣಾ" ಎಂದೆ. ನನಗೇ ಸರಿಯಾಗಿ ಕೇಳಿಸಲಿಲ್ಲ.

ಅಣ್ಣ ಏಳಲಿಲ್ಲ. ನನ್ನ ಪಾದದ ಮೇಲೆ ಬೆರಳಿನಿಂದ ಎರಡು ಸಲ ಬಡಿದ. ಇನ್ನೊಮ್ಮೆ, ಜೋರಾಗಿ.

ಉಸಿರು ಎಳೆದುಕೊಂಡು, ಗುಡ್ಡದ ಬುಡದಲ್ಲಿ ಬೇವಿನ ಕೆಳಗೆ ಕೂತ ಅತ್ತಿಗೆಗೂ ಕೇಳಲಿ ಎಂದು, ಗಂಟಲು ಹರಿಯುವ ಹಾಗೆ ಕೂಗಿ ಹೇಳಿದೆ. ಆಗ ಅಣ್ಣ ತಲೆ ಎತ್ತಿದ.